ಡಿಲನ್‌ನ ಎರಡನೆಯ ರೆಕಾರ್ಡು, ನನ್ನ ಎರಡು ತಪ್ಪುಗಳು



ನಾನು ತರಗತಿಯಲ್ಲಿ ಕಲಿಸಿದ ಪಾಠವೊಂದನ್ನು ತಿದ್ದುವುದಕ್ಕಾಗಿ ಈ ಲೇಖನ. ಹತ್ತನೆಯ ತರಗತಿಯ ಶೀತಲ ಸಮರದ ಪಾಠ ನಿಮಗೆ ನೆನಪಿರಬಹುದು. ಕ್ಯೂಬಾದಲ್ಲಿ ರಷ್ಯಾದ ಕ್ಷಿಪಣಿಗಳು, ಅಮೆರಿಕದ ಅಧ್ಯಕ್ಷ ಕೆನಡಿಯ ಎಚ್ಚರಿಕೆ, ಅಣುಯುದ್ಧದ ಅಂಚಿಗೆ ಬಂದು ನಿಂತ ಜಗತ್ತು, ಇಷ್ಟನ್ನು ಹೇಳಿದ ಮೇಲೆ ನಾನು ಪ್ರತಿ ವರ್ಷವೂ ತಪ್ಪದೆ ಒಂದು ಮಾತು ಸೇರಿಸುತ್ತಿದ್ದೆ: 'ಆ ದಿನಗಳ ಭಯದಲ್ಲಿ ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಕುಳಿತು ಹಾಡೊಂದನ್ನು ಬರೆದ. ಅವನ ಹೆಸರು ಬಾಬ್ ಡಿಲನ್. ಹಾಡಿನ ಹೆಸರು ಎ ಹಾರ್ಡ್ ರೇನ್ಸ್ ಎ ಗೊನ್ನಾ ಫಾಲ್.' ತರಗತಿ ಆ ಕ್ಷಣ ನಿಶ್ಶಬ್ದವಾಗುತ್ತಿತ್ತು. ಆ ನಿಶ್ಶಬ್ದ ನನಗೆ ಪ್ರಿಯವಾಗಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಆ ಹಾಡಿನ ವಿಚಾರ ಕೇಳಿದ. ಉತ್ತರಿಸುವ ಮೊದಲು ಇಸವಿಗಳನ್ನು ನೋಡಿಕೊಳ್ಳೋಣವೆಂದು ಕುಳಿತೆ. ಡಿಲನ್ ಆ ಹಾಡನ್ನು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದ್ದು 1962ರ ಸೆಪ್ಟೆಂಬರ್ 22ರಂದು. ಕೆನಡಿ ದೂರದರ್ಶನದಲ್ಲಿ ಕ್ಷಿಪಣಿಗಳ ವಿಚಾರವನ್ನು ಹೊರಗೆಡಹಿದ್ದು ಅಕ್ಟೋಬರ್ 22ರಂದು. ಮಳೆಯ ಹಾಡು ಬಿಕ್ಕಟ್ಟಿಗಿಂತ ಸರಿಯಾಗಿ ಒಂದು ತಿಂಗಳು ಮೊದಲೇ ಸಭೆಯೆದುರು ಬಂದಿತ್ತು! ಇಸವಿಗಳನ್ನು ಬಾಯಿಪಾಠ ಮಾಡಿರೆಂದು ನಿಮ್ಮನ್ನು ಕಾಡಿದ ಮೇಷ್ಟ್ರೇ ಇಸವಿಯಲ್ಲಿ ಎಡವಿದ್ದ.

ತಪ್ಪು ನನ್ನೊಬ್ಬನದಲ್ಲ. ರೆಕಾರ್ಡಿನ ಹೊದಿಕೆಯ ಹಿಂಬದಿಗೆ ನ್ಯಾಟ್ ಹೆಂಟಾಫ್ ಬರೆದ ಟಿಪ್ಪಣಿಯಲ್ಲಿಯೇ ಹಾಡಿಗೂ ಕ್ಯೂಬಾ ಬಿಕ್ಕಟ್ಟಿಗೂ ಗಂಟು ಹಾಕಲಾಗಿತ್ತು. ಕೇಳಿದವರೂ ಅದನ್ನು ನಂಬಿದರು, ನಂಬುವುದು ಸಹಜವಾಗಿತ್ತು. ಅಣುಬಾಂಬಿನ ಮಳೆಯೆಂದೇ ಅವರಿಗೆ ಕೇಳಿಸಿತು. 1963ರಲ್ಲಿ ಶಿಕಾಗೋದ ರೇಡಿಯೋದಲ್ಲಿ ಸ್ಟಡ್ಸ್ ಟರ್ಕೆಲ್ ಇದೇ ಪ್ರಶ್ನೆ ಎತ್ತಿದಾಗ ಡಿಲನ್ ಅದು ಅಣುಮಳೆಯಲ್ಲ, ಬರೀ ಜೋರು ಮಳೆ ಎಂಬರ್ಥದ ಉತ್ತರ ಕೊಟ್ಟ. ಅದನ್ನು ಯಾರೂ ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ. ಅಂದಹಾಗೆ, ಅದೇ ಅಕ್ಟೋಬರ್‌ನಲ್ಲಿ ನಮ್ಮ ಗಡಿಯಲ್ಲಿ ಚೀನಾದ ಯುದ್ಧ ನಡೆದಿತ್ತು. ನಮ್ಮ ತಂದೆಯವರಿಗೆ ಕ್ಯೂಬಾ ಎಂದರೆ ಏನೂ ನೆನಪಿರಲಿಲ್ಲ. ರಕ್ಷಣಾ ನಿಧಿಗೆ ನಮ್ಮಜ್ಜಿ ಕೊಟ್ಟ ಬಂಗಾರದ ಓಲೆಗಳು ಮಾತ್ರ ಚೆನ್ನಾಗಿ ನೆನಪಿದ್ದವು.

ಈ ಹಾಡು ಇರುವುದು 'ದ ಫ್ರೀವ್ಹೀಲಿನ್ ಬಾಬ್ ಡಿಲನ್' ಎಂಬ ಎಲ್.ಪಿ. ರೆಕಾರ್ಡಿನಲ್ಲಿ. ಅದು ಅವನ ಎರಡನೆಯದು. ಬಿಡುಗಡೆಯಾದದ್ದು 1963ರ ಮೇ 27ರಂದು, ಅವನಿಗೆ ಇಪ್ಪತ್ತೆರಡು ತುಂಬಿದ ಮೂರನೆಯ ದಿನ. ಮೊದಲನೆಯದು 1962ರ ಮಾರ್ಚ್‌ನಲ್ಲಿ ಬಂದು, ವರ್ಷವೊಂದರಲ್ಲಿ ಸುಮಾರು 5,000 ಪ್ರತಿಗಳಷ್ಟೇ ಮಾರಾಟವಾಗಿತ್ತು. ಹುಡುಗನನ್ನು ಕರೆತಂದ ಜಾನ್ ಹ್ಯಾಮಂಡ್‌ರ ಮೂರ್ಖತನವೆಂದು ಕೊಲಂಬಿಯಾ ಕಂಪನಿಯೊಳಗೇ ನಗುತ್ತಿದ್ದರಂತೆ. ಆ ಮೊದಲ ರೆಕಾರ್ಡಿನ ಹದಿಮೂರು ಹಾಡುಗಳಲ್ಲಿ ಅವನ ಸ್ವಂತದ್ದು ಎರಡೇ ಎರಡು. ಎರಡನೆಯದರಲ್ಲಿ ಲೆಕ್ಕ ತಿರುವುಮುರುವಾಯಿತು: ಹದಿಮೂರರಲ್ಲಿ ಹನ್ನೊಂದು ಅವನವೇ. ಒಂದು ವರ್ಷದ ಅವಧಿಯಲ್ಲಿ ಹುಡುಗನೊಬ್ಬ ಇಷ್ಟು ಬೆಳೆಯಬಲ್ಲನೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆ ಪ್ರಶ್ನೆಗೆ ಮುಂದೆ ಬರುತ್ತೇನೆ.

ನಾನು ಈ ರೆಕಾರ್ಡನ್ನು ಮೊದಲು ಕೇಳಿದ್ದು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ, ಸಹಪಾಠಿಯ ಟೇಪ್ ರೆಕಾರ್ಡರಿನಲ್ಲಿ. ಎಷ್ಟನೆಯ ಸಲ ನಕಲು ಮಾಡಿದ ಕ್ಯಾಸೆಟ್ಟೋ ಏನೋ, ಹಾಡಿಗಿಂತ ಗೊರಗೊರ ಸದ್ದೇ ಹೆಚ್ಚು. ಒಂದು ಗಿಟಾರು, ಒಂದು ಮೌತ್ ಆರ್ಗನ್, ಮೂಗಿನಿಂದ ಹೊರಡುವ ಒರಟು ಕಂಠ. 'ಇವನಿಗೆ ನೆಗಡಿಯೇನಯ್ಯಾ?' ಎಂದು ನಾನು ಕೇಳಿದ್ದೆ. ಮೂರನೆಯ ದಿನ ನಾನೇ ಹೋಗಿ ಮತ್ತೆ ಹಾಕೆಂದು ಕೇಳಿಕೊಂಡೆ. ಹೀಗಾದದ್ದು ನನಗೊಬ್ಬನಿಗೇ ಅಲ್ಲ. 1964ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿದ್ದ ಬೀಟಲ್ಸ್ ತಂಡದವರು ಈ ರೆಕಾರ್ಡು ಸಿಕ್ಕ ಮೇಲೆ ಅದನ್ನೇ ಮತ್ತೆ ಮತ್ತೆ ಹಾಕಿ ಸವೆಸಿಬಿಟ್ಟರಂತೆ.

ಆದರೆ ಬಹುಜನರು ಡಿಲನ್‌ನ ಹಾಡನ್ನು ಮೊದಲು ಕೇಳಿದ್ದು ಅವನ ಬಾಯಿಯಿಂದಲ್ಲ. 'ಬ್ಲೋಯಿಂಗ್ ಇನ್ ದ ವಿಂಡ್' ಹಾಡನ್ನು ಪೀಟರ್, ಪಾಲ್ ಮತ್ತು ಮೇರಿ ಎಂಬ ಮೂವರ ತಂಡ ಇಂಪಾಗಿ ಹಾಡಿತು. 1963ರ ಆಗಸ್ಟ್‌ನಲ್ಲಿ ಅದು ಬಿಲ್‌ಬೋರ್ಡ್ ಪಟ್ಟಿಯ ಎರಡನೆಯ ಸ್ಥಾನಕ್ಕೇರಿತು. ಅದೇ ತಿಂಗಳ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಭಾಷಣ ಮಾಡಿದ ಸಭೆಯಲ್ಲಿ ಆ ತಂಡ ಇದನ್ನೇ ಹಾಡಿತು. ಕರಿಯ ಗಾಯಕಿ ಮೇವಿಸ್ ಸ್ಟೇಪಲ್ಸ್, ಬಿಳಿಯ ಹುಡುಗನೊಬ್ಬ ನಮ್ಮವರ ನೋವನ್ನು ಹೀಗೆ ಹೇಳಿದ್ದು ಹೇಗೆಂದು ಬೆರಗಾದರು. ಗಾಯಕ ಸ್ಯಾಮ್ ಕುಕ್‌ಗೆ ಬೆರಗಿನೊಡನೆ ಸಂಕೋಚವೂ ಆಯಿತು: ಇದನ್ನು ನಾನು ಬರೆಯಬೇಕಿತ್ತಲ್ಲವೇ ಎಂದು. ಆತ 1964ರ ಜನವರಿಯಲ್ಲಿ 'ಎ ಚೇಂಜ್ ಈಸ್ ಗೊನ್ನಾ ಕಮ್' ಧ್ವನಿಮುದ್ರಿಸಿದ್ದರ ಹಿಂದೆ ಈ ಸಂಕೋಚವೂ ಇತ್ತು. ಒಂದು ರೆಕಾರ್ಡಿಗೆ ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಕಂಡಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಆ ಹಾಡಿನ ಧಾಟಿಯ ಮೂಲ 'ನೋ ಮೋರ್ ಆಕ್ಷನ್ ಬ್ಲಾಕ್' ಎಂಬ ಹಾಡು. ಮನುಷ್ಯರನ್ನು ಹರಾಜಿಗಿಡುತ್ತಿದ್ದ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯರದು ಅದು. ಡಿಲನ್ ಮುಂದೆ ಇದನ್ನು ತಾನೇ ಒಪ್ಪಿಕೊಂಡ. ಅಂದರೆ ಆ ಜನರ ಧಾಟಿಯೇ ಬಿಳಿಯ ಹುಡುಗನ ಮಾತು ಹೊತ್ತು ಅವರ ಬಳಿಗೆ ಹಿಂದಿರುಗಿತ್ತು. 'ಗರ್ಲ್ ಫ್ರಮ್ ದ ನಾರ್ತ್ ಕಂಟ್ರಿ' ಹಾಡಿಗೆ ಇಂಗ್ಲೆಂಡಿನ ಮಾರ್ಟಿನ್ ಕಾರ್ಥಿ ಹಾಡುತ್ತಿದ್ದ 'ಸ್ಕಾರ್ಬರೋ ಫೇರ್' ಆಧಾರ. ಮಳೆಯ ಹಾಡಿನಲ್ಲಿ ತಾಯಿ ಕೇಳುತ್ತಾಳೆ, ಮಗ ಹೇಳುತ್ತಾನೆ. ಆ ಕಟ್ಟು 'ಲಾರ್ಡ್ ರ‍್ಯಾಂಡಲ್' ಎಂಬ ಹಳೆಯ ಲಾವಣಿಯದು. ಇದು ಕಳ್ಳತನವೇ? ಜನಪದದಲ್ಲಿ ಧಾಟಿ ಊರ ಬಾವಿಯ ನೀರಿದ್ದಂತೆ. ಯಾರ ಕೊಡದಲ್ಲಿ ತುಂಬಿದರೂ ಬಾವಿ ಒಬ್ಬರದಾಗುವುದಿಲ್ಲ. ಆದರೆ ಕೊಡ ಹೊತ್ತು ತಂದ ಶ್ರಮ ಒಬ್ಬರದೇ. ಈ ವ್ಯತ್ಯಾಸ ನನಗೆ ಬಹಳ ತಡವಾಗಿ ತಿಳಿಯಿತು.

ಈಗ ಆ ಪ್ರಶ್ನೆಗೆ ಬರೋಣ. 1963ರ ನವೆಂಬರ್ 4ರ ನ್ಯೂಸ್‌ವೀಕ್ ಪತ್ರಿಕೆ ಡಿಲನ್ ಕುರಿತು ಲೇಖನವೊಂದನ್ನು ಪ್ರಕಟಿಸಿತು. ತಂದೆತಾಯಿಯರ ಸಂಪರ್ಕವೇ ಇಲ್ಲವೆನ್ನುತ್ತಿದ್ದ ಈತನ ತಂದೆತಾಯಿ ಮಗನ ಕಛೇರಿ ಕೇಳಲು ನ್ಯೂಯಾರ್ಕಿಗೇ ಬಂದು ಕೂತಿದ್ದಾರೆಂದು ಅದು ಹಂಗಿಸಿತು. ಅದು ನಿಜವಾಗಿತ್ತು; ತನ್ನ ಬಾಲ್ಯದ ಬಗ್ಗೆ ಡಿಲನ್ ಕಟ್ಟಿದ ಕತೆಗಳಿಗೆ ಲೆಕ್ಕವಿಲ್ಲ. ಅದರೊಡನೆ ಪತ್ರಿಕೆ ಗಾಳಿಸುದ್ದಿಯೊಂದನ್ನೂ ತೂರಿಸಿತು: 'ಬ್ಲೋಯಿಂಗ್ ಇನ್ ದ ವಿಂಡ್' ಬರೆದವನು ಇವನಲ್ಲ, ನ್ಯೂಜೆರ್ಸಿಯ ಹೈಸ್ಕೂಲು ಹುಡುಗನೊಬ್ಬನಿಂದ ಇವನು ಅದನ್ನು ಕೊಂಡಿದ್ದಾನೆ! ಡಿಲನ್ ನಿರಾಕರಿಸಿದ. ಗುಮಾನಿ ಮಾತ್ರ ವರ್ಷಗಟ್ಟಲೆ ಉಳಿಯಿತು. ನಿಜಸಂಗತಿ ಇಷ್ಟೇ: ಆ ಹುಡುಗ ಸ್ನೇಹಿತರ ಮುಂದೆ ದೊಡ್ಡವನಾಗಲು ಹಾಡು ತನ್ನದೆಂದು ಸುಳ್ಳು ಹೇಳಿದ್ದ. ಅದು ಬೆಳೆದು ಕೈಮೀರಿ ಹೋಯಿತು. 1974ರಲ್ಲಿ ಅವನೇ ತಪ್ಪೊಪ್ಪಿಕೊಂಡು ಬರೆದ. ಹನ್ನೆರಡು ವರ್ಷ ಹೊತ್ತ ಸುಳ್ಳು! ಮೇಷ್ಟ್ರ ಬುದ್ಧಿಗೆ ಆ ಹುಡುಗನ ಮೇಲೆ ಸಿಟ್ಟಿಗಿಂತ ಕನಿಕರವೇ ಹೆಚ್ಚು. ಪತ್ರಿಕೆಯ ಮೇಲೆ ಅಂಥ ಕನಿಕರವಿಲ್ಲ. 1962ರ ಮೇ ತಿಂಗಳಲ್ಲೇ ಹಾಡು ಡಿಲನ್ ಹೆಸರಿನಲ್ಲಿ 'ಬ್ರಾಡ್‌ಸೈಡ್' ಎಂಬ ಪುಟ್ಟ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಪತ್ರಿಕೆಯನ್ನು ಬೈಯುವ ಅಧಿಕಾರ ನನಗಿದೆಯೇ ಎಂಬುದು ಬೇರೆ ಮಾತು. 1991ರಲ್ಲಿ, ನಾನು ಕೆಲಸ ಮಾಡುತ್ತಿದ್ದ ಮಲೆನಾಡಿನ ಒಂದು ಶಾಲೆಯಲ್ಲಿ, ಗೋಡೆ ಪತ್ರಿಕೆಗೆಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪದ್ಯ ಕೊಟ್ಟ. ಮಳೆಗಾಲದಲ್ಲಿ ಹೊಳೆ ತುಂಬಿ ದೋಣಿ ನಿಂತುಹೋದ ದಿನ, ಆಚೆ ದಡದಲ್ಲಿ ಉಳಿದ ತಾಯಿಯ ಕುರಿತ ಪದ್ಯ. ಬಹಳ ಚೆನ್ನಾಗಿತ್ತು. ಅದೇ ಅವನಿಗೆ ಮುಳುವಾಯಿತು. 'ಯಾವ ಪುಸ್ತಕದಿಂದ ಇಳಿಸಿದೆಯೋ?' ಎಂದು ಇಡೀ ತರಗತಿಯ ಮುಂದೆ ಕೇಳಿದೆ. ಹುಡುಗ ತಲೆ ತಗ್ಗಿಸಿ ಹೇಳಿದ: 'ಧಾಟಿ ಅಜ್ಜೀದು ಸಾರ್. ಮಾತು ನಂದು.' ನನಗೆ ಕೇಳಿಸಿದ್ದು ಮೊದಲ ಅರ್ಧ ಮಾತ್ರ. 'ನೋಡಿದಿರಾ, ಒಪ್ಪಿಕೊಂಡ' ಎಂದೆ. ತರಗತಿ ನಕ್ಕಿತು. ಪದ್ಯ ಗೋಡೆಗೆ ಏರಲಿಲ್ಲ.

ಮರುವರ್ಷ ಜನಗಣತಿಯೋ ಮತದಾರರ ಪಟ್ಟಿಯೋ ಯಾವುದೋ ಸರಕಾರಿ ಕೆಲಸಕ್ಕೆ ಹೊಳೆಯಾಚೆ ಹೋದಾಗ ಅವನ ಅಜ್ಜಿ ಗದ್ದೆಯಲ್ಲಿ ನಾಟಿಯ ಪದ ಹೇಳುತ್ತಿದ್ದುದನ್ನು ಕೇಳಿದೆ. ಧಾಟಿ ಅದೇ. ಮಾತೆಲ್ಲ ಬೇರೆ, ಮದುವಣಗಿತ್ತಿ, ಹಸಿರು ಬಳೆ, ತವರು. ಹೊಳೆಯೂ ಇಲ್ಲ, ದೋಣಿಯೂ ಇಲ್ಲ. ಬದುವಿನ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅಷ್ಟರಲ್ಲಿ ಅವನು ಹತ್ತನೆಯ ತರಗತಿಯಲ್ಲಿದ್ದ. ಕರೆದು, 'ಇನ್ನೊಂದು ಬರೆದು ಕೊಡೋ' ಎಂದೆ. 'ಬರೆಯೋದಿಲ್ಲ ಸಾರ್' ಎಂದ, ವಿನಯದಿಂದಲೇ. ಕ್ಷಮೆ ಕೇಳಬೇಕಿತ್ತು. ಆ ಕಾಲದಲ್ಲಿ ಮೇಷ್ಟ್ರುಗಳು ಹುಡುಗರ ಕ್ಷಮೆ ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಅದೇ ವರ್ಷವೂ ತರಗತಿಯಲ್ಲಿ ನಿಂತು, ಡಿಲನ್ ಎಂಬ ಹುಡುಗ ಬರೆದ ಮಳೆಯ ಹಾಡಿನ ಕತೆಯನ್ನು ಆವೇಶದಿಂದ ಹೇಳಿದೆ. ಮೂರನೆಯ ಬೆಂಚಿನಲ್ಲಿ ಅವನು ಕುಳಿತು ಕೇಳುತ್ತಿದ್ದ.

ಆ ಹಾಳೆಯನ್ನು ಅವನು ಹಿಂದಕ್ಕೆ ಕೇಳಲಿಲ್ಲ. ನಿವೃತ್ತನಾಗಿ ಮೇಜು ಖಾಲಿ ಮಾಡುವಾಗ ಹಳೆಯ ಹಾಜರಿ ಪುಸ್ತಕದೊಳಗೆ ಸಿಕ್ಕಿತು. ರೂಲು ಹಾಕಿದ ಹಾಳೆ, ನೀಲಿ ಶಾಯಿ, ಅಂಚಿನಲ್ಲಿ ನನ್ನದೇ ಕೆಂಪು ಪ್ರಶ್ನಾರ್ಥಕ ಚಿಹ್ನೆ. ಅವನು ಇದನ್ನು ಓದಿದರೆ, ಅಥವಾ ಅವನ ಜೊತೆ ಓದಿದವರು ಯಾರಾದರೂ ಅವನಿಗೆ ತಿಳಿಸಿದರೆ, ವಿಳಾಸ ಕಳುಹಿಸಲಿ. ಹಾಳೆಯನ್ನು ಅಂಚೆಯಲ್ಲಿ ಕಳುಹಿಸಿಕೊಡುತ್ತೇನೆ.