ಸವೆದದ್ದೋ, ಅಚ್ಚೇ ಮೂಡದ್ದೋ?

ಅಮೆರಿಕದ 5 ಸೆಂಟ್ ನಾಣ್ಯ, ‘ಬಫಲೋ ನಿಕಲ್’
ಡೆನ್ವರ್ ಟಂಕಸಾಲೆ, 1926
ತಾಮ್ರ ಶೇ. 75, ನಿಕಲ್ ಶೇ. 25, ತೂಕ 5 ಗ್ರಾಂ

ಬೈಸನ್‌ನ ತಲೆಯನ್ನು ನೋಡಿ. ಗುಂಗುರು ಕೂದಲಿರಬೇಕಾದ ಕಡೆ ನುಣುಪು ದಿಬ್ಬ, ಕೊಂಬಿನ ತುದಿ ಮಸುಕು. ನೂರಾರು ಜೇಬು ಸುತ್ತಿ ಬಂದಂತಿದೆ. ಆದರೆ ಆ ವರ್ಷ ಡೆನ್ವರ್‌ನಲ್ಲಿ ತಯಾರಾದ ಅನೇಕ ನಾಣ್ಯಗಳು ಹುಟ್ಟಿದ್ದೇ ಹೀಗೆ.

ಶಿಲ್ಪಿ ಜೇಮ್ಸ್ ಅರ್ಲ್ ಫ್ರೇಸರ್ ರೂಪಿಸಿದ ಈ ನಾಣ್ಯವನ್ನು 1913ರಿಂದ 1938ರವರೆಗೆ ಟಂಕಿಸಲಾಯಿತು. ನಿಕಲ್ ಬೆರೆತ ಲೋಹ ಬಲು ಗಟ್ಟಿ. ಒತ್ತಡ ಸಾಲದಿದ್ದರೆ ಅದು ಅಚ್ಚಿನ ಆಳಕ್ಕೆ ಇಳಿಯುವುದಿಲ್ಲ. ಅಚ್ಚಿನ ಆಳವೇ ನಾಣ್ಯದ ಎತ್ತರ; ಸವೆತ ಮೊದಲು ತಟ್ಟುವುದೂ ಅಲ್ಲಿಗೇ. ಗೊಂದಲ ಹುಟ್ಟುವುದು ಇಲ್ಲಿಂದ.

ಬಿಡಿಸಿ ತೋರಿಸುವುದು ಬೆಳಕು.

ದೀಪದಡಿ ನಾಣ್ಯವನ್ನು ಮೆಲ್ಲಗೆ ಓರೆಯಾಗಿಸಿದಾಗ ಹೊಳಪು ದಿಬ್ಬದ ಮೇಲೂ ತಡೆಯಿಲ್ಲದೆ ಹರಿದರೆ ಅದು ಅಚ್ಚಿನ ಕೊರತೆ. ಭೂತಗನ್ನಡಿಯಲ್ಲಿ, ಟಂಕಿಸುವ ಮೊದಲೇ ಬಿಲ್ಲೆಯ ಮೇಲಿದ್ದ ಸಣ್ಣ ಗೀರುಗಳೂ ಅಲ್ಲಿ ಕಾಣಬಹುದು. ಹೊಳಪು ನೆತ್ತಿಯಲ್ಲಿ ತುಂಡಾಗಿ, ಬಣ್ಣ ಬೂದುಬೂದಾಗಿ ಮಾಸಿದ್ದರೆ ಅದು ಕೈಯಿಂದ ಕೈಗೆ ದಾಟಿ ಬಂದ ಸವೆತ.

ದರ್ಜೆ ನಿರ್ಧರಿಸುವವರು ಕೊಂಬನ್ನಷ್ಟೇ ನೋಡಿದರೆ, ಚಲಾವಣೆಯನ್ನೇ ಕಾಣದ ನಾಣ್ಯವೂ ಬಳಸಿದ್ದರ ಸಾಲಿಗೆ ಬೀಳುತ್ತದೆ.