ದೂರದರ್ಶನದಲ್ಲಿ ಸಮಾಜಚರಿತ್ರೆ: ಮುಂಬಯಿ ಮತ್ತು ಕರ್ನಾಟಕ

ಟಿವಿ ಮೂಲಕ ಸಮಾಜಚರಿತ್ರೆಯನ್ನೂ ಸಮಾಜವಿಜ್ಞಾನವನ್ನೂ ಜನರಿಗೆ ತಲುಪಿಸುವ ಪ್ರಯತ್ನಗಳನ್ನು 1988ರ ‘ಭಾರತ್ ಏಕ್ ಖೋಜ್’ ಸರಣಿಯಿಂದ ಲೆಕ್ಕ ಹಾಕುವುದು ರೂಢಿ. ಅದಕ್ಕೆ ಹದಿಮೂರು ವರ್ಷ ಮೊದಲೇ ಕರ್ನಾಟಕದ ಹಳ್ಳಿಗಳಲ್ಲಿ ನಡೆದ ಪ್ರಯೋಗವನ್ನು ಬಿಟ್ಟರೆ ಈ ಚರಿತ್ರೆ ಪೂರ್ತಿಯಾಗದು.

ಮುಂಬಯಿಯಲ್ಲಿ ಈ ವಿಷಯಗಳ ಓದು ಬೆಳೆದದ್ದು ಫೋರ್ಟ್ ಪ್ರದೇಶದಲ್ಲಿ. ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ ಅಲ್ಲಿದೆ. ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗ 1919ರಲ್ಲಿ ಶುರುವಾಯಿತು, ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಜಿ. ಎಸ್. ಘುರ್ಯೆ ಅವರ ಬಳಿ ಕಲಿತದ್ದು ಈ ವಿಭಾಗದಲ್ಲೇ. ನಗರಕ್ಕೆ ಟಿವಿ ಬಂದದ್ದು 1972ರ ಅಕ್ಟೋಬರ್ 2ರಂದು.

ಕರ್ನಾಟಕದ ಹಳ್ಳಿಗಳಿಗೆ ಟಿವಿ ಬಂದದ್ದು ಬೇರೆ ದಾರಿಯಲ್ಲಿ. 1975ರ ಆಗಸ್ಟ್ 1ರಂದು ಆರಂಭವಾದ ಉಪಗ್ರಹ ಬೋಧನಾ ಟಿವಿ ಪ್ರಯೋಗ (ಸೈಟ್) ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದ ಪಾಲಿಗೆ ಬಂದದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಊರಿನ ಸಾರ್ವಜನಿಕ ಕಟ್ಟಡದಲ್ಲೊಂದು ಟಿವಿ, ಹೊರಗೆ ಕೋಳಿಗೂಡಿನ ತಂತಿಬಲೆಯಂಥದ್ದರಿಂದ ಕಟ್ಟಿದ ಮೂರು ಮೀಟರ್ ಅಗಲದ ಛತ್ರಿ ಆಂಟೆನಾ. ಬೆಳಗ್ಗೆ ಶಾಲಾಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬಯೋಜನೆ ಮುಖ್ಯ ವಿಷಯಗಳು. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ; ಈ ಮೂರು ಜಿಲ್ಲೆಗಳ ಹಳ್ಳಿಗಳು ರಾಜಧಾನಿಗಿಂತ ಮೊದಲೇ ಟಿವಿ ಕಂಡಿದ್ದವು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪ್ರಯೋಗವೇ ಸಮಾಜವಿಜ್ಞಾನದ ವಸ್ತುವೂ ಆಯಿತು: ಇಸ್ರೋ ನೇಮಿಸಿದ ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲೇ ಬಿಡಾರ ಹೂಡಿ, ಯಾರು ನೋಡುತ್ತಾರೆ, ನೋಡಿದ್ದರಿಂದ ಏನು ಬದಲಾಯಿತು ಎಂದು ಬರೆದಿಟ್ಟರು. 1976ರ ಜುಲೈ 31ಕ್ಕೆ ಪ್ರಸಾರ ನಿಂತಿತು. ಉಪಗ್ರಹ ಅಮೆರಿಕದ ಎರವಲಾಗಿತ್ತು.

ಸೈಟ್‌ಗಾಗಿ ಮಕ್ಕಳ ಕಿರುಚಿತ್ರಗಳನ್ನು ಮಾಡಿದವರಲ್ಲಿ ಮುಂಬಯಿಯ ಶ್ಯಾಮ್ ಬೆನೆಗಲ್ ಒಬ್ಬರು. 1988–89ರಲ್ಲಿ ಅವರೇ ‘ಭಾರತ್ ಏಕ್ ಖೋಜ್’ನ 53 ಕಂತುಗಳನ್ನು ನಿರ್ದೇಶಿಸಿದರು. ಛಾಯಾಗ್ರಹಣ ಮೈಸೂರಿನ ವಿ. ಕೆ. ಮೂರ್ತಿಯವರದು, ‘ಕಾಗಜ್ ಕೆ ಫೂಲ್’ ಚಿತ್ರದ ಬೆಳಕು ಹಿಡಿದ ಅದೇ ಕೈ.

ಈ ಸರಣಿಯನ್ನು ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ ಗ್ರಂಥದ ಬರಿಯ ದೃಶ್ಯರೂಪ ಎನ್ನುವುದು ಸರಿಯಲ್ಲ. ಅಹಮದ್‌ನಗರ ಕೋಟೆಯ ಸೆರೆಯಲ್ಲಿ ಬರೆದ ಆ ಗ್ರಂಥ ಚೌಕಟ್ಟು ಮಾತ್ರ. ರೋಶನ್ ಸೇಠ್ ನೆಹರೂ ಆಗಿ ಮಾತಾಡುತ್ತಾರೆ, ಓಂ ಪುರಿ ನಿರೂಪಿಸುತ್ತಾರೆ. ನಡುವಿನ ಚರಿತ್ರೆಯನ್ನು ನಾಟಕ, ಕಾವ್ಯ, ಜನಪದ ಕಲೆಗಳು ತುಂಬುತ್ತವೆ. ಮಹಾಭಾರತದ ಭಾಗದಲ್ಲಿ ತೀಜನ್ ಬಾಯಿ ತಂಬೂರಿ ಹಿಡಿದು ಪಾಂಡವಾನಿ ಹಾಡುತ್ತಾರೆ. ಗ್ರಂಥದಲ್ಲಿ ಚುಟುಕಾಗಿ ಮುಗಿಯುವ ವಿಜಯನಗರಕ್ಕೂ ಟಿಪ್ಪುವಿಗೂ ಇಲ್ಲಿ ಪ್ರತ್ಯೇಕ ಕಂತುಗಳಿವೆ. ಕನ್ನಡ ವೀಕ್ಷಕರಿಗೆ ಸರಣಿ ಹತ್ತಿರವಾಗಲು ಇದು ಸಾಕಾಗಿತ್ತು. ಭಾಷೆ ಮಾತ್ರ ಹಿಂದಿ: ಸೈಟ್ ಹಳ್ಳಿಗೆ ಕೊಟ್ಟಿದ್ದ ಕನ್ನಡದ ದನಿ ಈ ದೊಡ್ಡ ಯೋಜನೆಯಲ್ಲಿ ಇರಲಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಾಲೇಜು ಪಾಠಗಳೂ ದೂರದರ್ಶನದಲ್ಲಿ 1984ರಿಂದ ಪ್ರಸಾರವಾಗುತ್ತಿದ್ದವು. 1990ರ ದಶಕದಲ್ಲಿ ಖಾಸಗಿ ಚಾನೆಲ್‌ಗಳು ಬಂದ ಮೇಲೆ ‘ಭಾರತ್ ಏಕ್ ಖೋಜ್’ನಂಥ ಉದ್ದದ ಸರಣಿಗಳು ವಿರಳವಾದವು. ಬೆನೆಗಲ್ 2014ರಲ್ಲಿ ರಾಜ್ಯಸಭಾ ಟಿವಿಗಾಗಿ ಹತ್ತು ಕಂತುಗಳ ‘ಸಂವಿಧಾನ್’ ಮಾಡಿದರು. ಅದರಲ್ಲಿ ಸಚಿನ್ ಖೇಡೇಕರ್ ಅಭಿನಯಿಸಿದ ಅಂಬೇಡ್ಕರ್ ಫೋರ್ಟ್‌ನ ಹೈಕೋರ್ಟಿನಲ್ಲಿ ವಕೀಲಿ ಮಾಡಿದವರು. ದುಡಿಯುವ ಹುಡುಗರಿಗೂ ಓದಲು ಆಗಲೆಂದು ಬೆಳಗಿನ ತರಗತಿ ನಡೆಸಿದ ಅವರ ಸಿದ್ಧಾರ್ಥ ಕಾಲೇಜು ಕೂಡ ಫೋರ್ಟ್‌ನಲ್ಲೇ ಇದೆ.