ಹಾಡಿನ ಮೊದಲಕ್ಷರ: ಅಕಾರಾದಿ ಸೂಚಿ, ಹಕಾರದ ಚರಿತ್ರೆ ಮತ್ತು ಧಾರವಾಡ ಸೀಮೆಯ ಪದಗಳು

ಕುಂದಗೋಳ ಮತ್ತು ನವಲಗುಂದ ತಾಲೂಕುಗಳ ಭಜನಾ ಮೇಳಗಳಲ್ಲಿ ಬಳಕೆಯಲ್ಲಿರುವ ಕೈಬರಹದ ಪದದ ಪುಸ್ತಕಗಳನ್ನು ಪಟ್ಟಿ ಮಾಡುವಾಗ ನಾವು ಒಂದು ತಪ್ಪು ಮಾಡಿದೆವು. ಒಂದೇ ತತ್ವಪದವನ್ನು ಎರಡೆಂದು ಎಣಿಸಿದ್ದೆವು. ಒಂದು ಪುಸ್ತಕದಲ್ಲಿ ಅದು ‘ಮೇಲೆ’ ಎಂಬ ಮಾತಿನಿಂದ, ಮತ್ತೊಂದರಲ್ಲಿ ‘ಮ್ಯಾಲೆ’ ಎಂಬ ಮಾತಿನಿಂದ ತೊಡಗಿತ್ತು. ಅಕಾರಾದಿಯಲ್ಲಿ ಮೊದಲನೆಯದು ‘ಮೆ’ಕಾರದ ಬೆನ್ನಿಗೆ ನಿಂತರೆ, ಎರಡನೆಯದು ಮಕಾರದ ಕಾಗುಣಿತವೆಲ್ಲ ಮುಗಿದು ಒತ್ತಕ್ಷರಗಳು ಆರಂಭವಾಗುವಲ್ಲಿ ನಿಂತಿತು. ಎರಡು ಪದಗಳ ಕೊನೆಯಲ್ಲಿಯೂ ಒಂದೇ ಅಂಕಿತವಿದ್ದುದನ್ನು ತೀರ ತಡವಾಗಿ ಗಮನಿಸಿದೆವು. ಹಾಡನ್ನು ಅದರ ಮೊದಲಕ್ಷರದಿಂದ ಗುರುತಿಸುವ ರೂಢಿಯನ್ನು ನಾವು ಅಲ್ಲಿಯವರೆಗೆ ಪ್ರಶ್ನಿಸಿರಲಿಲ್ಲ. ಆ ಪ್ರಶ್ನೆಯೇ ಈ ಲೇಖನದ ವಿಷಯ.

ಮೊದಲಿಗೆ ಹೊರಗಿನ ಒಂದು ನಿದರ್ಶನವನ್ನು ಎತ್ತಿಕೊಳ್ಳುತ್ತೇವೆ. ಅದರ ಬೇರು ನಮ್ಮ ವರ್ಣಮಾಲೆಯಲ್ಲಿಯೇ ಇದೆ. ಜಪಾನೀ ಹಾಡುಗಳ ಸೂಚಿಗಳು ಇಂದು ಸಾಮಾನ್ಯವಾಗಿ ‘ಗೊಜೂಒನ್’ ಎಂಬ ಐವತ್ತು ಧ್ವನಿಗಳ ಕೋಷ್ಟಕವನ್ನು ಅನುಸರಿಸುತ್ತವೆ. ಅ, ಇ, ಉ, ಎ, ಒ ಸ್ವರಗಳಾದ ಮೇಲೆ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು ಬರುತ್ತವೆ. ಬೌದ್ಧ ವಿದ್ವಾಂಸರು ಸಿದ್ಧಂ ಲಿಪಿಯ ಮೂಲಕ ಸಂಸ್ಕೃತದ ಧ್ವನಿಗಳನ್ನು ಅಭ್ಯಾಸ ಮಾಡಿದ್ದರ ಫಲ ಈ ಕ್ರಮ. ಅದರ ಅತ್ಯಂತ ಹಳೆಯ ಮಾದರಿಗಳು 11ನೆಯ ಶತಮಾನದ ಆರಂಭದವು, ಇಂದಿನ ಜೋಡಣೆ ನೆಲೆಗೊಂಡದ್ದು ಆಮೇಲೆ. ಇದಕ್ಕೆ ಪ್ರತಿಸ್ಪರ್ಧಿಯಾಗಿದ್ದುದು 47 ಅಕ್ಷರಗಳನ್ನು ಒಂದೊಂದೇ ಸಲ ಬಳಸಿ ಕಟ್ಟಿದ ‘ಇರೊಹ’ ಪದ್ಯದ ಕ್ರಮ. ಅದರ ಮೊದಲ ದಾಖಲೆ 1079ರದು.

ಕನ್ನಡ ಓದುಗರು ಗೊಜೂಒನ್ ಸಾಲನ್ನು ಗಟ್ಟಿಯಾಗಿ ಓದಿದರೆ ಒಂದೆಡೆ ಎಡವುತ್ತಾರೆ. ನಕಾರಕ್ಕೂ ಮಕಾರಕ್ಕೂ ನಡುವೆ ಹಕಾರಕ್ಕೇನು ಕೆಲಸ? ನಮ್ಮ ವರ್ಣಮಾಲೆಯಲ್ಲಿ ಅದು ಪಕಾರದ ಸ್ಥಾನ. ಜಪಾನಿಯಲ್ಲಿಯೂ ಅದು ಪಕಾರದ ಸ್ಥಾನವೇ ಆಗಿತ್ತು. ಅಲ್ಲಿಯ ಹಕಾರ ಮೊದಲು ಪಕಾರವಾಗಿತ್ತು, ಬಳಿಕ ತುಟಿಗಳ ನಡುವೆ ಉಸಿರು ತಿಕ್ಕಿ ಹೊರಡುವ ಘರ್ಷಧ್ವನಿಯಾಯಿತು, ಕಡೆಗೆ ಗಂಟಲಿಗೆ ಜಾರಿತು. ಈ ನಡುವಣ ಹಂತಕ್ಕೆ ಎರಡು ಸೊಗಸಾದ ಸಾಕ್ಷ್ಯಗಳಿವೆ. ಗೊನಾರಾ ಚಕ್ರವರ್ತಿಯ ಹೆಸರಿನಲ್ಲಿರುವ 1516ರ ಒಗಟಿನ ಸಂಗ್ರಹದಲ್ಲಿ, ತಾಯಿಯೊಡನೆ ಎರಡು ಬಾರಿ ಕೂಡಿ ತಂದೆಯೊಡನೆ ಒಮ್ಮೆಯೂ ಕೂಡದ್ದು ಯಾವುದೆಂಬ ಪ್ರಶ್ನೆಯಿದೆ. ಉತ್ತರ ತುಟಿ. ತಾಯಿ ಎಂಬರ್ಥದ ‘ಹಹ’ ಶಬ್ದವನ್ನು ನುಡಿಯುವಾಗ ಆಗ ತುಟಿಗಳು ಎರಡು ಸಲ ಹತ್ತಿರ ಬರುತ್ತಿದ್ದವು, ತಂದೆ ಎಂಬರ್ಥದ ‘ಚಿಚಿ’ಯಲ್ಲಿ ಬರುತ್ತಿರಲಿಲ್ಲ. ಎರಡನೆಯದು, ಜೆಸ್ಯುಯಿಟ್ ಪಾದ್ರಿಗಳು 1603ರಲ್ಲಿ ನಾಗಾಸಾಕಿಯಲ್ಲಿ ಮುದ್ರಿಸಿದ ಜಪಾನೀ–ಪೋರ್ಚುಗೀಸ್ ನಿಘಂಟು. ಹೂವು ಎಂಬರ್ಥದ ‘ಹನ’ ಅಲ್ಲಿ ‘ಫನ’ ಎಂದು ಎಫ್ ಅಕ್ಷರದಿಂದ ತೊಡಗುತ್ತದೆ. ತಾಕಿ ರೆಂತಾರೋ 1900ರಲ್ಲಿ ಪ್ರಕಟಿಸಿದ ‘ಹನ’ ಎಂಬ ಹಾಡು ಇಂದಿನ ಸೂಚಿಯಲ್ಲಿ ನಕಾರಕ್ಕೂ ಮಕಾರಕ್ಕೂ ನಡುವೆ ಕೂತಿರುವುದು, ಆ ಹಾಡು ಹುಟ್ಟುವ ಎಷ್ಟೋ ಮೊದಲೇ ಅಳಿದುಹೋದ ಒಂದು ಪಕಾರದ ದೆಸೆಯಿಂದ. ಧ್ವನಿ ಸ್ಥಳಾಂತರಗೊಂಡಿತು, ಅಕ್ಷರದ ಪೀಠ ಕದಲಲಿಲ್ಲ.

ಕನ್ನಡದಲ್ಲಿ ಆದದ್ದು ಇದಕ್ಕೆ ತಿರುವುಮುರುವು. ನಮ್ಮಲ್ಲಿಯೂ ಪದಾದಿಯ ಪಕಾರ ಹಕಾರವಾಯಿತು: ಪೂ ಹೂವಾಯಿತು, ಪಾವು ಹಾವಾಯಿತು, ಪಾಡು ಹಾಡಾಯಿತು. ಆದರೆ ಸಂಸ್ಕೃತದಿಂದ ಬಂದ ವರ್ಣಮಾಲೆಯಲ್ಲಿ ಹಕಾರಕ್ಕೆ ಮೊದಲೇ ಬೇರೊಂದು ಮನೆಯಿದ್ದುದರಿಂದ, ಬದಲಾದ ಶಬ್ದಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಅಕಾರಾದಿಯ ಕೊನೆಯಂಚಿಗೆ ಹೋದವು. ಅಣ್ಣಿಗೇರಿಯ ನಂಟಿದ್ದ ಪಂಪ 10ನೆಯ ಶತಮಾನದಲ್ಲಿ ಬಳಸಿದ ರೂಪ ‘ಪಾಡು’, ವಚನಗಳ ಉಪಲಬ್ಧ ಪಾಠಗಳಲ್ಲಿ ಕಾಣುವುದು ‘ಹಾಡು’. 1853ರಲ್ಲಿ ಭಾರತಕ್ಕೆ ಬಂದು ಧಾರವಾಡ ಸೀಮೆಯ ಕನ್ನಡವನ್ನು ಕಿವಿಯಾರೆ ಕೇಳಿದ ಕಿಟ್ಟೆಲ್, 1894ರ ತಮ್ಮ ನಿಘಂಟಿನ ಹಕಾರದ ಪುಟಗಳಲ್ಲಿ ಮತ್ತೆ ಮತ್ತೆ ಪಕಾರದ ಕಡೆಗೆ ಬೆರಳು ತೋರಬೇಕಾಯಿತು. (ಹೂವಿಗೆ ಎರಡೂ ಭಾಷೆಗಳಲ್ಲಿ ಹಕಾರವಿದೆಯೆಂದು ಜಪಾನಿಗೂ ದ್ರಾವಿಡಕ್ಕೂ ನೆಂಟಸ್ತಿಕೆ ಹೇಳುವವರನ್ನು ನಾವು ಅನುಮೋದಿಸುವುದಿಲ್ಲ. ಓಷ್ಠ್ಯ ಸ್ಪರ್ಶವು ಸಡಿಲಗೊಂಡು ಹಕಾರವಾಗುವುದು ಸಂಬಂಧವೇ ಇಲ್ಲದ ಭಾಷೆಗಳಲ್ಲಿಯೂ ನಡೆದಿದೆ.)

ಧಾರವಾಡದ ಹಳ್ಳಿಗಳಲ್ಲಿ ಈ ಇತಿಹಾಸ ಹಾಡಿನ ಹೆಸರಿನಲ್ಲಿಯೇ ಉಳಿದಿದೆ. ಅಲ್ಲಿ ‘ಹಾಡು’ ಎನ್ನುತ್ತಾರೆ, ‘ಪದ’ ಎಂದೂ ಎನ್ನುತ್ತಾರೆ. ಎರವಲು ಶಬ್ದವಾದ ಪದ ಪಕಾರವನ್ನು ಉಳಿಸಿಕೊಂಡಿತು, ದೇಶ್ಯವಾದ ಪಾಡು ಕಳೆದುಕೊಂಡಿತು. ಪಂಪನ ಕಾಲದಲ್ಲಾದರೆ ಎರಡೂ ಒಂದೇ ಅಕ್ಷರದಡಿ ಸಿಗುತ್ತಿದ್ದವು. ಸ್ಥಿತಿ ಎಂಬರ್ಥದ ‘ಪಾಡು’ ಮಾತ್ರ ಹಾಗೆಯೇ ಉಳಿದು, ಬೇಂದ್ರೆಯವರಿಗೆ ಪಾಡು–ಹಾಡುಗಳ ಜೋಡಣೆಯನ್ನು ಒದಗಿಸಿಕೊಟ್ಟಿತು. ಶಿಶುನಾಳ ಶರೀಫರು (1819–1889) ಹಾವು ತುಳಿದ ಸಂಗತಿಯಿಂದ ಆರಂಭಿಸುವ ಪ್ರಸಿದ್ಧ ತತ್ವಪದವು ಇಂದಿನ ಸಂಕಲನಗಳ ಸೂಚಿಯಲ್ಲಿ ಕೊನೆಯ ಪುಟಕ್ಕೆ ಬೀಳುತ್ತದೆ. ಅಲ್ಲಿ ಅದನ್ನು ಇರಿಸಿದ್ದು ಕವಿಯಲ್ಲ, ಧ್ವನಿವ್ಯತ್ಯಾಸ.

ಶರೀಫರ ಗುರು ಗೋವಿಂದಭಟ್ಟರ ಕಳಸ ಕುಂದಗೋಳ ತಾಲೂಕಿನಲ್ಲಿದೆ, ಅವರ ಸಮಕಾಲೀನ ನಾಗಲಿಂಗಸ್ವಾಮಿಗಳು ನವಲಗುಂದದವರು. ಈ ಪರಿಸರದ ಪದಗಳು ಕಂಠದಿಂದ ಕಂಠಕ್ಕೆ ಸಾಗಿ, ತಡವಾಗಿ ಕಾಗದಕ್ಕೆ ಇಳಿದವು. ಆದ್ದರಿಂದ ಬರೆದವನ ಕಿವಿ ಮೊದಲಕ್ಷರವನ್ನು ನಿರ್ಧರಿಸುತ್ತದೆ. ಪದಾದಿಯಲ್ಲಿ ಎಕಾರ–ಯೆಕಾರಗಳಿಗೂ ಒಕಾರ–ವೊಕಾರಗಳಿಗೂ ದೇಶ್ಯ ಶಬ್ದಗಳಲ್ಲಿ ಅರ್ಥಭೇದವಿಲ್ಲ, ಆದರೆ ಸೂಚಿಯಲ್ಲಿ ಅವುಗಳ ಅಂತರ ಇಡೀ ವ್ಯಂಜನಮಾಲೆಯಷ್ಟು. ಜಪಾನಿಯಲ್ಲಿಯೂ ಇವೇ ಜೋಡಿಗಳು ಕಲೆತುಹೋಗಿ, 13ನೆಯ ಶತಮಾನದ ಹೊತ್ತಿಗೆ ಫುಜಿವಾರಾ ತೆಯ್ಕನಂಥ ಕವಿ ಕಾಗುಣಿತದ ನಿಯಮ ಹೇಳಬೇಕಾಯಿತು.

ಇದಕ್ಕಿಂತ ತೊಡಕಿನದು ನಮ್ಮ ‘ಮೇಲೆ–ಮ್ಯಾಲೆ’. ಇಲ್ಲಿ ಏಕಾರ, ಓಕಾರಗಳು ಮುಂದಿನ ಅಕ್ಷರದ ಸ್ವರ ಉನ್ನತವಲ್ಲದಿದ್ದರೆ ಮಾತ್ರ ಕೆಳಗಿಳಿಯುತ್ತವೆ. ಬೇರೆ ‘ಬ್ಯಾರೆ’ ಆಗುತ್ತದೆ, ಬೇರು ಹಾಗೆಯೇ ಇರುತ್ತದೆ. ಕೋಣ ‘ಕ್ವಾಣ’ ಆಗುತ್ತದೆ, ಕೋಳಿ ಕೋಳಿಯೇ. ಆದರೆ ಗೋಡೆ ‘ಗ್ವಾಡಿ’ ಆಗುವುದೇಕೆ? ಮುಂದಿರುವುದು ಇಕಾರ, ನಿಯಮದಂತೆ ಸ್ವರ ಇಳಿಯಬಾರದಿತ್ತು. ಈ ಭಾಗದಲ್ಲಿ ಪದಾಂತ್ಯದ ಎಕಾರ ಇಕಾರವಾಗುವುದು (ಮನಿ, ಕುದುರಿ, ಮಾಳಿಗಿ) ಸ್ವರಾವರೋಹಣದ ಬಳಿಕ ನಡೆದ ಬದಲಾವಣೆಯೆಂದು ಕೊಳ್ಳದೆ ಗತ್ಯಂತರವಿಲ್ಲ. ಅಂದರೆ ‘ಗ್ವಾ’ ಎಂಬ ಮೊದಲಕ್ಷರ ಈಗ ಕೇಳಿಸದ ಕೊನೆಯ ಎಕಾರವೊಂದರ ಗುರುತನ್ನು ಹೊತ್ತಿದೆ. ಸಂಪಾದಕರು ಶಿಷ್ಟರೂಪಕ್ಕೆ ತಿದ್ದಿ ‘ಗೋ’ ಎಂದು ಅಚ್ಚಿಸಿದಾಗ ಸೂಚಿ ನೀಟಾಗುತ್ತದೆ, ಈ ಸಾಕ್ಷ್ಯ ಅಳಿಸಿಹೋಗುತ್ತದೆ. ಬೇರಾವ ಆಕರವೂ ಇಲ್ಲದ ಒಂದು ಗ್ರಾಮದ ನುಡಿಗೆ ಪದದ ಪುಸ್ತಕವೊಂದೇ ದಾಖಲೆಯಾಗಿರುವಾಗ ಇದು ಸಣ್ಣ ನಷ್ಟವಲ್ಲ.

ಇಷ್ಟಾದ ಮೇಲೆ ನಮಗೆ ಅನ್ನಿಸುವುದು, ಕನ್ನಡ ಹಾಡಿನ ಹಿಡಿಕೆ ಎಂದೂ ಮೊದಲಕ್ಷರವಾಗಿರಲಿಲ್ಲ. ‘ಕವಿರಾಜಮಾರ್ಗ’ದ ಕಾಲದಿಂದ ನಮ್ಮ ಛಂದಸ್ಸು ಕಾಯುತ್ತ ಬಂದದ್ದು ಎರಡನೆಯ ಅಕ್ಷರವನ್ನು, ಪ್ರಾಸಸ್ಥಾನವನ್ನು. ತ್ರಿಪದಿ ಮತ್ತು ತತ್ವಪದಗಳೂ ಬಹುಮಟ್ಟಿಗೆ ಆ ಪ್ರಾಸವನ್ನು ಬಿಟ್ಟುಕೊಟ್ಟಿಲ್ಲ. ಮೇಲೆ ವಿವರಿಸಿದ ಬದಲಾವಣೆಗಳೆಲ್ಲ ಮೊದಲಕ್ಷರದಲ್ಲಿಯೇ ನಡೆದಿವೆ. ಪಾಡು–ಹಾಡುಗಳಲ್ಲಿ ಡಕಾರ, ಬೇರೆ–ಬ್ಯಾರೆಗಳಲ್ಲಿ ರಕಾರ, ಗೋಡೆ–ಗ್ವಾಡಿಗಳಲ್ಲಿ ಮತ್ತೆ ಡಕಾರ ಅಲುಗಿಲ್ಲ. ಎರಡನೆಯ ಅಕ್ಷರಕ್ಕೂ ತನ್ನದೇ ಚರಿತ್ರೆಯಿದೆ ಎಂಬುದು ದಿಟ: ೞಕಾರ ಳಕಾರದೊಳಗೆ, ಱಕಾರ ರಕಾರದೊಳಗೆ ಕರಗಿದವು. ಆದರೆ ಅವು ಕರಗಿದ ಕಾಲವನ್ನು ನಿರ್ಣಯಿಸಲು ನೆರವಾದದ್ದೂ ಪ್ರಾಸವೇ.

ಆ ತಪ್ಪಿನ ಬಳಿಕ ನಮ್ಮ ಪಟ್ಟಿಯಲ್ಲಿ ಪ್ರತಿ ಪದಕ್ಕೂ ನಾಲ್ಕು ನಮೂದುಗಳಿವೆ: ಪುಸ್ತಕದಲ್ಲಿ ಬರೆದಿರುವಂತೆ ಮೊದಲ ಶಬ್ದ, ಅದರ ಶಿಷ್ಟರೂಪ, ಪ್ರಾಸಾಕ್ಷರ, ಅಂಕಿತ. ಪ್ರಾಸಾಕ್ಷರ ಮತ್ತು ಅಂಕಿತಗಳೆರಡೂ ಕೂಡಿಬಂದ ಪದಗಳನ್ನು ಒಟ್ಟಿಗಿಟ್ಟು ಓದಿದ ಹೊರತು ಎಣಿಸುವುದಿಲ್ಲ. ಹಾಡುಗಾರರು ಪದಕ್ಕೆ ಮುನ್ನ ‘ತಂಗಿ’, ‘ಅಣ್ಣಾ’ ಎಂದು ಕರೆದು ತೊಡಗುವ ಕಡೆ ಈ ಏರ್ಪಾಡೂ ಸೋಲುತ್ತದೆ. ಆ ಕರೆ ಪದದ ಅಂಗವೋ ಹಾಡುವ ಹೊತ್ತಿನ ಸೇರ್ಪಡೆಯೋ ಎಂಬುದನ್ನು ಮೇಳದ ಹಿರಿಯರನ್ನೇ ಕೇಳಬೇಕಾಗುತ್ತದೆ, ಒಂದೇ ಮೇಳದ ಇಬ್ಬರು ಹಿರಿಯರು ಬೇರೆ ಬೇರೆ ಉತ್ತರ ಕೊಟ್ಟಾಗ ನಾವು ಎರಡನ್ನೂ ಬರೆದುಕೊಳ್ಳುತ್ತೇವೆ.